ಗೋಡೆಗಿಂತ ಮೊದಲು ಪೈಪಿನ ನಕ್ಷೆ

ಗುರುವಾಯನಕೆರೆಯಿಂದ ಅಳದಂಗಡಿ ದಾಟಿ ಕಾರ್ಕಳದ ಕಡೆಗೆ ಹೋಗುವ ರಸ್ತೆಯಲ್ಲಿ, ಬೆಳ್ತಂಗಡಿ ತಾಲೂಕು ಮುಗಿಯುವ ಅಂಚಿಗೆ ನಾರಾವಿ ಸಿಗುತ್ತದೆ. ಬೆನ್ನಿಗೆ ಕುದುರೆಮುಖದ ಬೆಟ್ಟಸಾಲು. ಊರು ದೊಡ್ಡದಲ್ಲದಿದ್ದರೂ ಕಟ್ಟಡಗಳ ಬಗೆಗಳಿಗೆ ಕೊರತೆಯಿಲ್ಲ. ಸೂರ್ಯನಾರಾಯಣ ದೇವಸ್ಥಾನವಿದೆ, ಬಸದಿಯಿದೆ, ಸಂತ ಅಂತೋನಿಯವರ ಇಗರ್ಜಿ ಮತ್ತು ಅದರ ಜೊತೆಗೆ ಬೆಳೆದ ಶಾಲೆ–ಕಾಲೇಜುಗಳಿವೆ. ಅಂಗಡಿ ಸಾಲು, ಅಡಿಕೆ ತೋಟದ ಹಂಚಿನ ಮನೆ, ಐದು ಸೆಂಟ್ಸ್ ಜಾಗದ ತಾರಸಿ ಮನೆ ಎಲ್ಲವೂ ಇವೆ. ಇವೆಲ್ಲಕ್ಕೂ ಆಕಾಶ ಒಂದೇ, ನೆಲವೂ ಒಂದೇ. ಜಿಲ್ಲೆಯ ವರ್ಷದ ಸರಾಸರಿ ಮಳೆ 4,000 ಮಿಲಿಮೀಟರಿನ ಆಸುಪಾಸು; ಬೆಂಗಳೂರಿಗೆ ಬೀಳುವುದರ ನಾಲ್ಕು ಪಟ್ಟು. ಕೆಳಗೆ ತೂತುತೂತಾದ ಕೆಂಪುಕಲ್ಲು. ಆದರೆ ಒಳಗಿನ ಬಳಕೆ ಒಂದಕ್ಕೊಂದು ಹೋಲುವುದಿಲ್ಲ. ದೇವಸ್ಥಾನಕ್ಕೆ ಜಾತ್ರೆಯ ನಾಲ್ಕು ದಿನದ ಹೊರೆ, ಕಾಲೇಜಿಗೆ ಗಂಟೆ ಹೊಡೆದ ಹತ್ತು ನಿಮಿಷದ ಹೊರೆ, ಮನೆಗೆ ಬೆಳಗಿನ ಒಂದೂವರೆ ಗಂಟೆಯ ಹೊರೆ. ಈ ಎರಡು ಸಂಗತಿಗಳನ್ನು, ಅಂದರೆ ಎಲ್ಲರಿಗೂ ಸಮಾನವಾದ ನೆಲ–ಮಳೆಯನ್ನೂ ಪ್ರತಿ ಕಟ್ಟಡಕ್ಕೂ ಬೇರೆಯಾದ ಬಳಕೆಯನ್ನೂ, ಒಟ್ಟಿಗಿಟ್ಟು ಲೆಕ್ಕ ಹಾಕುವ ವಿದ್ಯೆಗೆ ಇಂಜಿನಿಯರುಗಳು ಎಂಇಪಿ ಎನ್ನುತ್ತಾರೆ: ಗಾಳಿ ಮತ್ತು ಯಂತ್ರ, ವಿದ್ಯುತ್ತು, ನೀರು ಮತ್ತು ಕೊಳಚೆ.

ನಮ್ಮಲ್ಲಿ ಈ ಕೆಲಸ ಯಾವಾಗ ಶುರುವಾಗುತ್ತದೆ ಎಂದು ನೋಡಿ. ಮೊದಲು ಕೋಣೆಗಳ ನಕ್ಷೆ, ಆಮೇಲೆ ಎದುರಿನ ನೋಟದ ಬಣ್ಣದ ಚಿತ್ರ, ಪಾಯ, ಗೋಡೆ, ಸ್ಲ್ಯಾಬ್. ಗೋಡೆ ಎದ್ದ ಮೇಲೆ ವಯರ್‌ಮ್ಯಾನ್ ಬಂದು ಕಟ್ಟರ್‌ ಹಿಡಿದು ಗೋಡೆ ಸೀಳುತ್ತಾನೆ, ಪ್ಲಂಬರ್ ಬಂದು ಬೀಮಿನ ಪಕ್ಕ ತೂತು ಕೊರೆಯುತ್ತಾನೆ, ಶೌಚದ ಗುಂಡಿಗೆ ಉಳಿದ ಮೂಲೆ ಸಿಗುತ್ತದೆ. ಈ ಅನುಕ್ರಮವೇ ತಲೆಕೆಳಗು ಎಂಬುದು ನನ್ನ ವಾದ. ನಾರಾವಿಯಂಥ ಕಡೆ ನೀರು, ಕೊಳಚೆ, ವಿದ್ಯುತ್ತು, ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಎಂಬುದು ಮೊದಲು ತೀರ್ಮಾನವಾಗಬೇಕು; ಕೋಣೆಗಳು ಅದರ ಸುತ್ತ ಕೂರಬೇಕು. ಬೆಂಗಳೂರಿನಲ್ಲಿ ಈ ಅನುಕ್ರಮ ತಪ್ಪಿದರೆ ಕಿರಿಕಿರಿಯಾದೀತು, ಅಷ್ಟೆ. ಇಲ್ಲಿ ತಪ್ಪಿದರೆ ಬಾವಿ ಕೆಡುತ್ತದೆ, ಫ್ರಿಜ್ಜಿನ ಮೈ ಶಾಕ್ ಹೊಡೆಯುತ್ತದೆ, ಗೋಡೆ ಬೂಸ್ಟು ಹಿಡಿಯುತ್ತದೆ. ಭಾರತದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ದೇಶವನ್ನು ಐದು ಹವಾಮಾನ ವಲಯಗಳಾಗಿ ಹಂಚುತ್ತದೆ. ಬೆಂಗಳೂರು ಅದರಲ್ಲಿ ಸಮಶೀತೋಷ್ಣ, ಕರಾವಳಿ ಬಿಸಿ–ತೇವದ ವಲಯ. ಆದರೂ ಘಟ್ಟದ ಮೇಲಿನ ನಕ್ಷೆ ಒಂದಿಷ್ಟೂ ಬದಲಾಗದೆ ಘಟ್ಟ ಇಳಿದು ಬರುತ್ತಲೇ ಇದೆ.

ಮಳೆಯಿಂದಲೇ ತೊಡಗೋಣ. 150 ಚದರ ಮೀಟರಿನ ಒಂದು ಮಾಡು. ಗಂಟೆಗೆ 100 ಮಿಲಿಮೀಟರಿನ ರಭಸದಲ್ಲಿ ಸುರಿಯುವ ಮಳೆ ಇಲ್ಲಿ ಅಪರೂಪವೇನಲ್ಲ. ಅದು ಸ್ವಲ್ಪ ಹೊತ್ತು ಇರುತ್ತದೆ, ಆದರೆ ಇರುವಷ್ಟು ಹೊತ್ತು ಆ ಮಾಡಿನಿಂದ ನಿಮಿಷಕ್ಕೆ 250 ಲೀಟರ್ ನೀರು ಇಳಿಯಬೇಕು. ಸಮತಟ್ಟು ತಾರಸಿಯ ನಾಲ್ಕು ಮೂಲೆಗೆ ಸಣ್ಣ ಪೈಪು ಇಟ್ಟು, ಒಂದಕ್ಕೆ ಎಲೆ ಕಟ್ಟಿಕೊಂಡರೆ ತಾರಸಿಯೇ ಕೆರೆ. ಅದಕ್ಕೇ ಅಲ್ಲವೇ ಈ ಜಿಲ್ಲೆಯ ತಾರಸಿಗಳ ಮೇಲೆಲ್ಲ ಮತ್ತೆ ಶೀಟಿನ ಮಾಡು ಎದ್ದಿರುವುದು? ಒಂದೇ ಮನೆಗೆ ಎರಡು ಮಾಡಿನ ಖರ್ಚು. ಮೊದಲೇ ಇಳಿಜಾರು ಮಾಡು ಯೋಚಿಸಿದ್ದರೆ ಒಂದರಲ್ಲೇ ಮುಗಿಯುತ್ತಿತ್ತು. ಅದೇ ಮಾಡಿನ ಮೇಲೆ ವರ್ಷವಿಡೀ ಬೀಳುವ ನೀರು 6 ಲಕ್ಷ ಲೀಟರ್. ರಾಷ್ಟ್ರೀಯ ಕಟ್ಟಡ ಸಂಹಿತೆ ಮನೆಬಳಕೆಗೆ ತಲಾ ದಿನಕ್ಕೆ 135 ಲೀಟರ್ ಎಂದು ಲೆಕ್ಕ ಹಿಡಿಯುತ್ತದೆ. ಐವರ ಕುಟುಂಬಕ್ಕೆ ಫೆಬ್ರವರಿಯಿಂದ ಮೇ ತನಕದ 120 ದಿನಗಳಿಗೆ ಬೇಕಾದದ್ದು 81 ಸಾವಿರ ಲೀಟರ್. ಏಳು ಪಟ್ಟು ನೀರು ಸುರಿದ ಮನೆಯಲ್ಲೇ ಏಪ್ರಿಲಿನಲ್ಲಿ ಬಾವಿ ತಳ ಕಾಣುತ್ತದೆ. ಅಷ್ಟನ್ನೂ ಟ್ಯಾಂಕಿನಲ್ಲಿ ಹಿಡಿದಿಡುವುದು ದುಬಾರಿ, ಬಾವಿಯ ಬಳಿ ಇಂಗಿಸುವುದು ಅಗ್ಗ. ಆದರೆ ಇಳಿಜಾರಿನ ಕೆಂಪುಕಲ್ಲಿನಲ್ಲಿ ಇಂಗಿದ ನೀರು ಅಲ್ಲೇ ನಿಲ್ಲುತ್ತದೆಂಬ ಖಾತ್ರಿಯಿಲ್ಲ. ಪಕ್ಕದ ತೋಡಿಗೆ ಇಳಿದು ಹೋಗಲೂಬಹುದು. ಆದ್ದರಿಂದ ಇಂಗುಗುಂಡಿಯ ಜಾಗವನ್ನು ನೆಲದ ಇಳಿಜಾರು ನೋಡಿ, ಕಟ್ಟಡ ಕೂರುವ ಮೊದಲೇ ಆರಿಸಬೇಕಾಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ಶೌಚದ ಗುಂಡಿಯ ಪ್ರಶ್ನೆ. ಸೆಪ್ಟಿಕ್ ಟ್ಯಾಂಕಿನಿಂದ ಹೊರಬರುವ ನೀರು ಇಂಗುವ ಗುಂಡಿ ಕುಡಿಯುವ ನೀರಿನ ಮೂಲದಿಂದ 18 ಮೀಟರ್ ದೂರವಿರಬೇಕು ಎನ್ನುತ್ತದೆ ಭಾರತೀಯ ಮಾನಕ 2470. ಐದು ಸೆಂಟ್ಸ್ ಜಾಗ ಎಂದರೆ ಸುಮಾರು 202 ಚದರ ಮೀಟರ್. ಚೌಕವಾಗಿದ್ದರೆ ಒಂದು ಬದಿ 14 ಮೀಟರಿಗೆ ಸ್ವಲ್ಪ ಮೇಲೆ. ಮೂಲೆಯಿಂದ ಮೂಲೆಗೆ ಅಳೆದರೂ 20 ಮೀಟರ್ ಮಾತ್ರ. ಅಂದರೆ ಒಂದು ಮೂಲೆಯಲ್ಲಿ ಬಾವಿ, ಅದರ ಕರ್ಣದ ತುದಿಯಲ್ಲಿ ಗುಂಡಿ ಇಟ್ಟರೆ ಮಾತ್ರ ನಿಯಮ ಹೇಗೋ ನಿಲ್ಲುತ್ತದೆ. ಆದರೆ ಅದೇ ಮೂಲೆಯ ಆಚೆ ನೆರೆಮನೆಯವರ ಬಾವಿ ಇದ್ದರೆ? ಹೀಗಾಗಿ ಇದು ಒಂದು ಮನೆಯ ನಕ್ಷೆಯೊಳಗೆ ಬಗೆಹರಿಯುವ ಲೆಕ್ಕವೇ ಅಲ್ಲ, ಬಡಾವಣೆ ವಿಂಗಡಿಸುವಾಗಲೇ ಆಗಬೇಕಾದ ಲೆಕ್ಕ. ಕೆಂಪುಕಲ್ಲು ಮರಳಿನಂತೆ ನಿಧಾನಕ್ಕೆ ಸೋಸುವುದಿಲ್ಲ. ಅದರ ಕೊಳವೆಯಂಥ ರಂಧ್ರಗಳಲ್ಲಿ ನೀರು ಬೇಗ ಹರಿದುಬಿಡುತ್ತದೆ. ತುಳುವರ ಆಟಿ ತಿಂಗಳ ಜಡಿಮಳೆಯಲ್ಲಿ ಅಂತರ್ಜಲ ನೆಲಮಟ್ಟದ ಹತ್ತಿರಕ್ಕೆ ಏರಿದಾಗ ಗುಂಡಿ ಹೊರಗಿನಿಂದಲೇ ತುಂಬುತ್ತದೆ. ಆಗ ಶೌಚಾಲಯದ ನೀರು ಇಳಿಯುವುದಿಲ್ಲ, ಗುಂಡಿಗೂ ಬಾವಿಗೂ ನಡುವೆ ಬರೀ ಒದ್ದೆ ಕಲ್ಲು. ತಳವಿಲ್ಲದ ರಿಂಗಿನ ಗುಂಡಿಯ ಬದಲು ನೀರು ಸೋರದ ಟ್ಯಾಂಕು, ಇಂಗುವ ಭಾಗವನ್ನು ನೆಲದಿಂದ ಎತ್ತರಿಸಿ ಮಣ್ಣು–ಮರಳಿನ ದಿಬ್ಬವಾಗಿ ಮಾಡುವುದು, ಒಂದೆರಡು ಮನೆಗಳಿಗೆ ಸೇರಿಸಿ ಶುದ್ಧೀಕರಣ: ದಾರಿಗಳಿಲ್ಲದೇ ಇಲ್ಲ. ಇವೆಲ್ಲಕ್ಕೂ ಬೇಕಾದದ್ದು ಜಾಗ. ಮನೆ ಎದ್ದ ಮೇಲೆ ಸಿಗದ ವಸ್ತು ಅದೊಂದೇ.

ಇದೇ ಕಲ್ಲು ವಿದ್ಯುತ್ತಿಗೂ ತೊಡಕು. ಬೇಸಗೆಯಲ್ಲಿ ಒಣಗಿದ ಕೆಂಪುಕಲ್ಲು ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಅರ್ತಿಂಗ್ ಗುಂಡಿಗೆ ಇದ್ದಿಲು, ಉಪ್ಪು ಸುರಿಯುವುದು ನಮ್ಮ ರೂಢಿ. ಎರಡು ಮಳೆಗಾಲದಲ್ಲಿ ಉಪ್ಪು ಕರಗಿ ಹೋಗುತ್ತದೆ, ಹೋಗುವ ಮುನ್ನ ಜಿಐ ಪೈಪನ್ನು ತಿನ್ನುತ್ತದೆ. ಈಗ ಸರಳ ಭಾಗಾಕಾರ ಮಾಡಿ. ಅರ್ತಿಂಗಿನ ರೋಧ 50 ಓಮ್‌ ಇದೆ ಎಂದುಕೊಳ್ಳೋಣ. ಫ್ರಿಜ್ಜಿನೊಳಗೆ ತಂತಿ ಸವೆದು ಮೈಗೆ ತಾಗಿದರೆ ಹರಿಯುವ ಪ್ರವಾಹ 230 ಭಾಗಿಸು 50, ಅಂದರೆ 4.6 ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಅದು ಮಾಮೂಲು ಹೊರೆ, ಬೀಳುವುದೇ ಇಲ್ಲ. ಫ್ರಿಜ್ಜಿನ ಮೈಯಲ್ಲಿ ಸಾವು ಕಾದು ಕೂತಿರುತ್ತದೆ, ಬೋರ್ಡಿನಲ್ಲಿ ಎಲ್ಲ ಸರಿ ಇರುವಂತೆ ಕಾಣುತ್ತದೆ. ಇಲ್ಲಿ ಜೀವ ಉಳಿಸುವುದು 30 ಮಿಲಿಆಂಪಿಯರ್ ಸೋರಿದರೂ ಬೀಳುವ ಆರ್‌ಸಿಸಿಬಿ. ಅದನ್ನು ಹಾಕಿಸಿಕೊಂಡವರೂ ಮಳೆಗಾಲದಲ್ಲಿ ಕಿತ್ತು ಹಾಕುವುದುಂಟು, ಏಕೆಂದರೆ ಹೊರಗಿನ ಒದ್ದೆ ಪಂಪೋ ಅಂಗಳದ ದೀಪವೋ ಸ್ವಲ್ಪ ಸೋರಿದರೂ ಇಡೀ ಮನೆ ಕತ್ತಲಾಗುತ್ತದೆ. ತಪ್ಪು ಉಪಕರಣದ್ದಲ್ಲ, ಇಡೀ ಮನೆಗೆ ಒಂದೇ ಹಾಕಿದ ವಿನ್ಯಾಸದ್ದು. ಹೊರಗಿನ ಸಾಲಿಗೆ ಒಂದು, ಒಳಗಿನದಕ್ಕೆ ಇನ್ನೊಂದು ಎಂದು ಹಂಚಿದ್ದರೆ ಪಂಪು ಬಿದ್ದರೂ ಫ್ಯಾನು ತಿರುಗುತ್ತಿತ್ತು. ಏಪ್ರಿಲ್–ಮೇ ಮತ್ತು ಅಕ್ಟೋಬರಿನ ಸಿಡಿಲಿಗೂ ಇದೇ ಮಾತು. ಟಿವಿಯ ಪ್ಲಗ್ ಕಿತ್ತಿಡುವುದು ಒಳ್ಳೆಯ ಅಭ್ಯಾಸವೇ, ಆದರೆ ಆಸ್ಪತ್ರೆಯಲ್ಲೋ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲೋ ಅದನ್ನು ಯಾರು ಕೀಳುತ್ತಾರೆ? ಅಲ್ಲಿ ಸರ್ಜ್ ತಡೆಯುವ ಉಪಕರಣಕ್ಕೆ ಬೋರ್ಡಿನಲ್ಲೇ ಜಾಗವಿರಬೇಕು.

ಇನ್ನು ಬಳಕೆಯ ಲೆಕ್ಕ. ಕಟ್ಟಡ ಬದಲಾದಂತೆ ಲೆಕ್ಕದ ಸ್ವಭಾವವೇ ಬದಲಾಗುತ್ತದೆ. ಸಂಖ್ಯೆ ಹೆಚ್ಚು–ಕಡಿಮೆಯಾದರೆ ಸಾಲದು. 1940ರಲ್ಲಿ ಅಮೆರಿಕದ ಮಾನಕ ಸಂಸ್ಥೆಯಲ್ಲಿದ್ದ ರಾಯ್ ಹಂಟರ್ ಒಂದು ಉಪಾಯ ಕೊಟ್ಟರು. ಒಂದು ಕಟ್ಟಡದಲ್ಲಿ ನೂರು ನಲ್ಲಿಗಳಿದ್ದರೂ ನೂರೂ ಒಟ್ಟಿಗೆ ತೆರೆಯುವುದಿಲ್ಲ. ಎಷ್ಟು ಒಟ್ಟಿಗೆ ತೆರೆದಾವು ಎಂಬುದನ್ನು ಸಂಭಾವ್ಯತೆಯ ಗಣಿತದಿಂದ ಅಂದಾಜಿಸಿ, ಪೈಪನ್ನು ಅಷ್ಟಕ್ಕೇ ಮಾಡಿದರೆ ಸಾಕು. ಜಗತ್ತಿನ ಬಹುಪಾಲು ಪ್ಲಂಬಿಂಗ್ ಕೋಷ್ಟಕಗಳ ಬೇರು ಇಲ್ಲಿದೆ. ಆದರೆ ಅದರ ಕೆಳಗೊಂದು ನಂಬಿಕೆಯಿದೆ, ಜನ ಒಬ್ಬರನ್ನೊಬ್ಬರು ಕೇಳದೆ ತಮ್ಮ ಪಾಡಿಗೆ ನಲ್ಲಿ ತೆರೆಯುತ್ತಾರೆ ಎಂಬುದು. ಮೂಡುಬಿದಿರೆಯಂಥ ವಿದ್ಯಾಕೇಂದ್ರದ ಹಾಸ್ಟೆಲಿನಲ್ಲಿ ಬೆಳಗ್ಗೆ ಆರಕ್ಕೆ ಆ ನಂಬಿಕೆ ಕುಸಿಯುತ್ತದೆ: ಎಲ್ಲರಿಗೂ ಒಂದೇ ಗಂಟೆ, ಒಂದೇ ಕ್ಲಾಸು. ಮದುವೆಯ ಸಭಾಭವನದಲ್ಲಿ ಊಟದ ಪಂಕ್ತಿ ಏಳುವಾಗ ಕೈತೊಳೆಯುವ ಸಾಲಿನ ಎಲ್ಲ ನಲ್ಲಿಗಳೂ ತೆರೆದೇ ಇರುತ್ತವೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಚಿತ್ರಮಂದಿರದಂಥ ಸಭಾಗೃಹಕ್ಕೆ ಆಸನಕ್ಕೆ 15 ಲೀಟರ್, ಹೋಟೆಲಿನ ಊಟದ ಆಸನಕ್ಕೆ 70 ಲೀಟರ್. ಸಾವಿರ ಜನರ ಮದುವೆ ಹಾಗಾದರೆ 15 ಸಾವಿರ ಲೀಟರೋ 70 ಸಾವಿರ ಲೀಟರೋ? ಬಾಳೆಲೆಯಲ್ಲೋ ಹಾಳೆತಟ್ಟೆಯಲ್ಲೋ ಬಡಿಸಿದರೆ ತಟ್ಟೆ ತೊಳೆಯುವ ನೀರು ಉಳಿಯುತ್ತದೆ, ಪಾತ್ರೆಗಳದ್ದು ಉಳಿಯುವುದಿಲ್ಲ. ಯಾವ ಪುಸ್ತಕವೂ ಹೇಳದ ಇಂಥ ವಿವರವನ್ನು ಊರು ಬಲ್ಲ ವಿನ್ಯಾಸಕಾರನೇ ಕೇಳಿ ತಿಳಿಯಬೇಕು. ಕ್ಯಾಲೆಂಡರಿನದೂ ಒಂದು ತೊಡಕಿದೆ. ತುಳುನಾಡಿನಲ್ಲಿ ಮದುವೆ, ಕೋಲ, ನೇಮಗಳೆಲ್ಲ ಮೇ ಕೊನೆಯಲ್ಲಿ ಬರುವ ಪತ್ತನಾಜೆ ಎಂಬ ದಿನದೊಳಗೆ ಮುಗಿಯಲು ಧಾವಿಸುತ್ತವೆ. ಸಭಾಭವನಕ್ಕೆ ನೀರು ಅತಿ ಹೆಚ್ಚು ಬೇಕಾಗುವ ತಿಂಗಳೂ ಬಾವಿಯಲ್ಲಿ ನೀರು ಅತಿ ಕಡಿಮೆ ಇರುವ ತಿಂಗಳೂ ಒಂದೇ. ವರ್ಷದ ಸರಾಸರಿ ಹಿಡಿದು ಟ್ಯಾಂಕು ಕಟ್ಟಿದವರಿಗೆ ಪ್ರತಿ ಮದುವೆಗೂ ಟ್ಯಾಂಕರು.

ಗಾಳಿಯ ವಿಷಯದಲ್ಲಿ ನಮ್ಮ ತಿಳಿವಳಿಕೆ ಇನ್ನೂ ತೆಳು. ಸೆಕೆಯಾದರೆ ಎಸಿ, ಅಷ್ಟೇ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಬ್ರೂಕ್ಲಿನ್ನಿನ ಮುದ್ರಣಾಲಯವೊಂದಕ್ಕೆ ರೂಪಿಸಿದ ಯಂತ್ರದ ಉದ್ದೇಶ ಜನರನ್ನು ತಂಪಾಗಿಸುವುದಾಗಿರಲಿಲ್ಲ. ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ, ಆ ತೇವ ತೆಗೆಯುವುದಕ್ಕಾಗಿ. ಕರಾವಳಿಯ ಸಮಸ್ಯೆಯೂ ಅದೇ. ಮಳೆಗಾಲದ ಒಂದು ದಿನ 26 ಡಿಗ್ರಿ ಉಷ್ಣಾಂಶ, ಶೇಕಡಾ 90 ತೇವಾಂಶ ಇದ್ದರೆ, 24 ಡಿಗ್ರಿಗೆ ತಣಿದ ಯಾವ ಮೇಲ್ಮೈಯ ಮೇಲೂ ಹನಿಗಟ್ಟುತ್ತದೆ. 22 ಡಿಗ್ರಿಗೆ ಎಸಿ ಇಟ್ಟ ಕೋಣೆಯ ಗಾಜು ಹೊರಗಿನಿಂದ ಬೆವರುವುದು, ತಣ್ಣನೆಯ ಗೋಡೆಯ ಆಚೆಬದಿ ಕಪ್ಪುಬೂಸ್ಟು ಏಳುವುದು ಹೀಗೆ. ಅಗತ್ಯಕ್ಕಿಂತ ದೊಡ್ಡ ಎಸಿ ಹಾಕಿದರೆ ಇನ್ನೂ ಕೆಡುಕು: ಕೋಣೆ ಬೇಗ ತಣಿದು ಯಂತ್ರ ನಿಂತುಬಿಡುತ್ತದೆ, ತೇವ ತೆಗೆಯಲು ಸಮಯವೇ ಸಿಗುವುದಿಲ್ಲ. ಬಯಲುಸೀಮೆಯಲ್ಲಿ ಕೆಲಸ ಮಾಡುವ ನೀರಿನ ಕೂಲರ್ ಇಲ್ಲಿ ನಿಷ್ಪ್ರಯೋಜಕ. ಈಗಾಗಲೇ ಒದ್ದೆಯಾದ ಗಾಳಿಗೆ ಮತ್ತಷ್ಟು ನೀರು ಬೆರೆಸುತ್ತದೆ. ಆಸ್ಪತ್ರೆಯಲ್ಲಿ ಈ ಲೆಕ್ಕ ಜೀವಕ್ಕೆ ತಾಗುತ್ತದೆ. ಶಸ್ತ್ರಚಿಕಿತ್ಸೆಯ ಕೋಣೆಯ ಗಾಳಿ ಹೊರಕ್ಕೆ ತಳ್ಳಬೇಕು, ಕ್ಷಯರೋಗಿಯ ಕೋಣೆಯ ಗಾಳಿ ಕಾರಿಡಾರಿಗೆ ಬರಬಾರದು. ಹಾಗೆಂದು ಎಲ್ಲೆಡೆ ಯಂತ್ರ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಸಹಜ ಗಾಳಿಯ ಸಾಮಾನ್ಯ ವಾರ್ಡಿಗೆ ಒಬ್ಬ ರೋಗಿಗೆ ಸೆಕೆಂಡಿಗೆ 60 ಲೀಟರ್ ಗಾಳಿ ಸಾಕೆನ್ನುತ್ತದೆ. ಎದುರುಬದುರು ಕಿಟಕಿ, ಎತ್ತರದ ಮಾಡು, ಮಳೆ ಎರಚದ ಜಗಲಿ ಇದ್ದರೆ ನಾರಾವಿಯಲ್ಲಿ ಅದು ಸಾಧ್ಯ. ಆದರೆ ಕಿಟಕಿಯ ಜಾಗ ಗೋಡೆ ಎದ್ದ ಮೇಲೆ ಹುಟ್ಟುವುದಿಲ್ಲ.

ಇಷ್ಟು ಹೇಳಿದರೆ ಹಿರಿಯರೊಬ್ಬರು ನಕ್ಕಾರು: ಎಂಇಪಿ ಇಲ್ಲದೆಯೇ ನಮ್ಮ ಗುತ್ತಿನ ಮನೆಗಳು ನೂರಾರು ವರ್ಷ ನಿಂತಿಲ್ಲವೇ? ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರಿಂದ ಮಳೆ ತಿನ್ನುತ್ತಿದೆಯಲ್ಲ, ಅದಕ್ಕೆ ಯಾವ ಇಂಜಿನಿಯರು ಡ್ರೈನೇಜ್ ನಕ್ಷೆ ಬರೆದ? ಬರೆದಿದ್ದ ಎಂದೇ ನನ್ನ ಉತ್ತರ. ಆ ಬಸದಿಯ ಇಳಿಜಾರು ಮಾಡೇ ಡ್ರೈನೇಜ್ ನಕ್ಷೆ. ನೀರು ಗೋಡೆಗೆ ತಾಗದಂತೆ ದೂರ ಎಸೆಯುವ ಚಾಚು ಕೆಳಗಿನ ಜಗಲಿಯನ್ನೂ ಕಾಯುತ್ತದೆ. ಹಳೆಯ ಮನೆಯಲ್ಲಿ ಬಾವಿ ಅಡಿಗೆಮನೆಯ ಪಕ್ಕ, ಬಚ್ಚಲು ಮನೆಯ ಹಿಂಬದಿ, ಅದರ ನೀರು ತೆಂಗಿನ ಬುಡಕ್ಕೆ, ಕೊಟ್ಟಿಗೆ ಇನ್ನೂ ಆಚೆ. ಒಣ ಜಾಗ ಮತ್ತು ಒದ್ದೆ ಜಾಗವನ್ನು ಬೇರೆ ಮಾಡಿದ್ದು ವಿನ್ಯಾಸವೇ. ಹಂಚುಗಳ ಸಂದಿನಲ್ಲಿ ಬಿಸಿಗಾಳಿ ತಾನೇ ಹೊರಹೋಗುತ್ತಿತ್ತು. ನೀರು ಸಾಗಿಸುವುದರಲ್ಲಂತೂ ಈ ಸೀಮೆಯವರು ಯಾರಿಗೂ ಕಡಿಮೆಯಿಲ್ಲ. ಬಂಟ್ವಾಳ ತಾಲೂಕಿನಲ್ಲೂ ಕಾಸರಗೋಡಿನಲ್ಲೂ ಕೆಂಪುಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗಗಳು ಇವೆ. ಇರಾನಿನ ಕನಾತ್‌ಗಳ ದಾಯಾದಿ. ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಕೊರೆದ ಐದು ಸುರಂಗಗಳಲ್ಲಿ ನೀರು ಸಿಗದೆ, ಆರನೆಯದರಲ್ಲಿ ಸಿಕ್ಕಿ, ಬೋಳುಗುಡ್ಡ ತೋಟವಾಯಿತು; 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ನೀರಿಗೆ ಪಂಪು ಬೇಕಿಲ್ಲ, ಕರೆಂಟು ಬೇಕಿಲ್ಲ. ಗುಡ್ಡದ ಎತ್ತರವೇ ಒತ್ತಡ. ಹಳೆಯ ಮನೆಗಳು ನಿಂತದ್ದು ಈ ಬುದ್ಧಿಯಿಂದ. ನಾವು ಮಾಡಿದ್ದೇನೆಂದರೆ ಬಚ್ಚಲನ್ನು ಮಲಗುವ ಕೋಣೆಯೊಳಗೆ ತಂದದ್ದು, ಅದನ್ನು ಮೇಲಿನ ಮಾಳಿಗೆಗೂ ಏರಿಸಿದ್ದು, ಅಂಗಳವನ್ನು ಮುಚ್ಚಿದ್ದು. ಸೌಕರ್ಯ ಬೇಡವೆನ್ನುವ ಹಟ ನನಗಿಲ್ಲ. ಒದ್ದೆಯನ್ನು ಮನೆಯ ನಡುವಿಗೆ ತಂದ ಮೇಲೆ ಅದರ ದಾರಿಯನ್ನು ಹಳಬರಿಗಿಂತ ಹೆಚ್ಚು ಎಚ್ಚರದಿಂದ ಬರೆಯಬೇಕು, ನಾವು ಬರೆಯುವುದನ್ನೇ ಬಿಟ್ಟೆವು.

ನಮ್ಮ ಪ್ಲಂಬರಿಗೂ ವಯರ್‌ಮ್ಯಾನಿಗೂ ಅನುಭವವಿದೆ, ನಕ್ಷೆ ಯಾಕೆ ಎಂಬ ಇನ್ನೊಂದು ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಊರಿನ ಬಾವಿ ಯಾವ ತಿಂಗಳು ಬತ್ತುತ್ತದೆ, ವೋಲ್ಟೇಜು ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬುದು ಮಂಗಳೂರಿನ ಸಲಹೆಗಾರನಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಆದರೆ ಪ್ರತಿಯೊಬ್ಬರಿಗೂ ಗೊತ್ತಿರುವುದು ಅವರವರ ಕೆಲಸ. ಶೌಚದ ನಾಲ್ಕಿಂಚಿನ ಪೈಪಿಗೆ ಇಳಿಜಾರು ಬೇಕು, ಆ ಇಳಿಜಾರಿಗೆ ಬೀಮು ಅಡ್ಡ ಬರುತ್ತದೆ, ಬೀಮು ಕೊರೆದರೆ ಕಂಬಿ ಕಡಿಯುತ್ತದೆ. ಪಂಪಿನ ಕೇಬಲ್ಲು ನೀರಿನ ಪೈಪಿನ ಕೆಳಗೇ ಬರುತ್ತದೆ. ಮೇಲಿನ ಟ್ಯಾಂಕನ್ನು ಶೀಟಿನ ಅಡಿಗೆ ತಳ್ಳಿದರೆ ಮೇಲ್ಮಾಳಿಗೆಯ ಶವರಿಗೂ ಟ್ಯಾಂಕಿಗೂ ಒಂದು ಮೀಟರ್ ಅಂತರ ಉಳಿಯುತ್ತದೆ. ಒಂದು ಮೀಟರ್ ಎಂದರೆ 0.1 ಬಾರ್ ಒತ್ತಡ, ಶವರಿನಲ್ಲಿ ನೀರು ಜಿನುಗುತ್ತದೆ, ಮತ್ತೆ ಅದಕ್ಕೊಂದು ಪ್ರೆಶರ್ ಪಂಪು. ಇವು ಯಾರೊಬ್ಬರ ಅನುಭವದ ಕೊರತೆಯಲ್ಲ. ಎಲ್ಲರ ಕೆಲಸ ಒಂದೇ ಕಾಗದದ ಮೇಲೆ ಒಮ್ಮೆಯೂ ಕೂಡಿಲ್ಲ ಅಷ್ಟೆ. ನಕ್ಷೆ ಅವರ ಅನುಭವಕ್ಕೆ ಬದಲಿಯಲ್ಲ. ಅವರನ್ನು ಪಾಯ ತೋಡುವ ಮೊದಲೇ ಕೂರಿಸಿ ಕೇಳುವ ನೆಪ.

ಖರ್ಚಿನ ಮಾತು ಬಂದೇ ಬರುತ್ತದೆ. ಸಣ್ಣ ಮನೆಗೆ ಸಲಹೆಗಾರರ ತಂಡ ಬೇಕೆಂದು ನಾನೂ ಹೇಳೆ. ಆಸ್ಪತ್ರೆಗೆ, ಹಾಸ್ಟೆಲಿಗೆ, ಸಭಾಭವನಕ್ಕೆ ಬೇಕೇ ಬೇಕು. ಅಲ್ಲಿ ಪೈಪು, ತಂತಿ, ಯಂತ್ರಗಳ ಪಾಲು ದೊಡ್ಡದು, ತಪ್ಪಿನ ಬೆಲೆಯೂ ದೊಡ್ಡದು. ಮನೆಗೆ ಸಾಕಾಗುವುದು ಒಂದೆರಡು ಹಾಳೆಗಳು: ಬಾವಿ–ಗುಂಡಿ–ಇಂಗುವ ಜಾಗದ ಅಳತೆ, ಬಚ್ಚಲುಗಳು ಒಂದರ ಮೇಲೊಂದು ಬರುವ ಜೋಡಣೆ, ಪೈಪುಗಳೆಲ್ಲ ಇಳಿಯುವ ಒಂದು ಡಕ್ಟು, ಬೋರ್ಡಿನ ಹಂಚಿಕೆ. ಬಚ್ಚಲುಗಳನ್ನು ಒಂದೇ ಗೋಡೆಗೆ ಬೆನ್ನು ಮಾಡಿ ಇಟ್ಟರೆ ಉಳಿಯುವ ಪೈಪಿನ ಹಣದಲ್ಲೇ ಈ ಹಾಳೆಗಳ ಖರ್ಚಿನ ಒಂದು ಪಾಲು ಹುಟ್ಟುತ್ತದೆ. ಪೈಪು ಕಾಣಬಾರದು ಎಂಬ ಶೋಕಿಯೇ ನಮ್ಮಲ್ಲಿ ದುಬಾರಿ. 1977ರಲ್ಲಿ ತೆರೆದ ಪ್ಯಾರಿಸ್ಸಿನ ಪೊಂಪಿದು ಕೇಂದ್ರ ಗಾಳಿಯ ಕೊಳವೆಗೆ ನೀಲಿ, ನೀರಿನದಕ್ಕೆ ಹಸಿರು, ವಿದ್ಯುತ್ತಿಗೆ ಹಳದಿ ಬಣ್ಣ ಬಳಿದು ಎಲ್ಲವನ್ನೂ ಹೊರಗೋಡೆಯ ಮೇಲೇ ತೋರಿಸಿತು. ನಾರಾವಿಯ ಮನೆಗೆ ಅಷ್ಟು ಧೈರ್ಯ ಬೇಡ. ಆ ಕಟ್ಟಡದ ದುರಸ್ತಿಯೂ ಅಗ್ಗವಾಗೇನೂ ಆಗಲಿಲ್ಲ. ಆದರೆ ಹಿಂಗೋಡೆಯ ಮೇಲೆ ಕ್ಲಾಂಪು ಹಾಕಿ ಇಳಿಸಿದ ಪೈಪು ಸೋರಿದರೆ ಸ್ಪ್ಯಾನರ್ ಸಾಕು, ಟೈಲ್ಸಿನ ಹಿಂದೆ ಹುದುಗಿದ್ದು ಸೋರಿದರೆ ಸುತ್ತಿಗೆ ಬೇಕು.

ದೇವಸ್ಥಾನ, ಬಸದಿಗಳ ವಿಚಾರ ಸ್ವಲ್ಪ ಬೇರೆ. ಅಲ್ಲಿ ಕಟ್ಟಡ ಮೊದಲೇ ಇದೆ, ತಂತಿ ಆಮೇಲೆ ಬಂದಿದೆ. ಕಲ್ಲಿಗೆ ಮೊಳೆ ಹೊಡೆಯುವುದು, ಮರದ ಜಂತಿಯ ಮೇಲೆ ಹಳೆಯ ವಯರು ಎಳೆಯುವುದು ಎರಡೂ ಅಪಾಯ. ತುಪ್ಪ–ಎಣ್ಣೆಯ ದೀಪ, ಒಣಮರ, ಜಾತ್ರೆಗೆಂದು ತಾತ್ಕಾಲಿಕವಾಗಿ ಎಳೆದ ಸಾವಿರ ಬಲ್ಬು ಒಂದೇ ಕಡೆ ಸೇರುತ್ತವೆ. ಜಾತ್ರೆಯ ಹೊರೆಗೆ ಅಂಗಳದ ಹೊರಗೇ ಒಂದು ಸ್ಥಿರ ಬೋರ್ಡು, ಅದಕ್ಕೆ ತನ್ನದೇ ಆರ್‌ಸಿಸಿಬಿ ಇಟ್ಟು, ಗರ್ಭಗುಡಿಯ ಕಡೆಗೆ ಒಂದೇ ಸಣ್ಣ ಸಾಲು ಒಯ್ಯುವುದು ಕಷ್ಟದ ಕೆಲಸವಲ್ಲ.

ಕೊನೆಗೆ ಕಾಗದದ ಪ್ರಶ್ನೆ. ಪಂಚಾಯಿತಿಗೆ ಹೋಗುವ ಸಾಮಾನ್ಯ ಮನೆಯ ಅರ್ಜಿಯಲ್ಲಿ ಕೋಣೆಯ ಅಳತೆ, ಗಡಿಯಿಂದ ಬಿಟ್ಟ ಜಾಗ ಇವೇ ಮುಖ್ಯ. ಅದೇ ಹಾಳೆಯಲ್ಲಿ ತನ್ನ ಬಾವಿ, ತನ್ನ ಗುಂಡಿ, ಜೊತೆಗೆ ನಾಲ್ಕೂ ದಿಕ್ಕಿನ ನೆರೆಮನೆಗಳ ಬಾವಿಗಳನ್ನು ಗುರುತಿಸಿ ನಡುವಿನ ದೂರ ಬರೆಯಬೇಕೆಂದು ಗ್ರಾಮಸಭೆಯೊಂದು ಕೇಳಿದರೂ ಸಾಕು, ಅರ್ಧ ಕೆಲಸ ಆದಂತೆ. ಟೇಪು ಹಿಡಿದು ಅರ್ಧ ದಿನದಲ್ಲಿ ಮುಗಿಯುವ ಅಳತೆ ಅದು. ಉಳಿದರ್ಧ ಮನೆಯವರದು: ಪ್ಲಾಸ್ಟರಿಗೆ ಮುಂಚೆ ಪ್ರತಿ ಗೋಡೆಯ ಎದುರು ಅಳತೆಪಟ್ಟಿ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು, ಪೈಪು–ತಂತಿ ಎಲ್ಲಿ ಹೋಗಿವೆ ಎಂಬುದನ್ನು ಮನೆಯ ದಾಖಲೆಗಳ ಜೊತೆಗೇ ಇಟ್ಟುಕೊಳ್ಳುವುದು. ಇಪ್ಪತ್ತು ವರ್ಷದ ಮೇಲೆ ಆ ಗೋಡೆಗೆ ಕಪಾಟಿನ ಮೊಳೆ ಹೊಡೆಯುವವರು ಈಗ ಕಟ್ಟಿಸುತ್ತಿರುವವರೇ ಆಗಿರಬೇಕೆಂದೇನೂ ಇಲ್ಲ.